ನಿಮಿಷಕ್ಕೆ ಎಷ್ಟು ಸಲ, ಸಲಕ್ಕೆ ಎಷ್ಟು ನಿಮಿಷ

ರಾತ್ರಿ ಪಾಳಿಯವರು ಬೆಳಗಿನ ಪಾಳಿಯವರಿಗೆ ಕೆಲಸ ಒಪ್ಪಿಸುವ ಹೊತ್ತು ಎಂದುಕೊಳ್ಳಿ. ಸ್ಟೀಮ್ ಹೆಡರ್‌ನ ಪ್ರೆಷರ್ ರಾತ್ರಿಯೆಲ್ಲ ಮೇಲೆ ಕೆಳಗೆ ತೂಗಾಡಿದೆ. ‘ಐ ಚೂರು ಜಾಸ್ತಿ ಮಾಡೇನ್ರಿ ಅಣ್ಣಾ, ಈಗ ಅಡ್ಡಿಯಿಲ್ಲ’ ಎಂದು ಹೇಳಿ ಒಬ್ಬ ಡಬ್ಬಿ ಎತ್ತಿಕೊಂಡು ಕಂಪನಿ ಬಸ್ಸಿಗೆ ಓಡುತ್ತಾನೆ. ಅಣ್ಣ ತಲೆಯಾಡಿಸಿ ಕುರ್ಚಿಯಲ್ಲಿ ಕೂರುತ್ತಾನೆ. ಜಾಗ ತಾರಾಪುರ ಇರಬಹುದು, ಪಟಾನ್‌ಚೆರು, ಮಣಲಿ, ನಂಜನಗೂಡು ಯಾವುದೂ ಆಗಬಹುದು. ಮಾತು ಹಿಂದಿಯಲ್ಲೋ ತೆಲುಗಿನಲ್ಲೋ ನಡೆದಿರಬಹುದು. ಯಾವ ಭಾಷೆಯಲ್ಲಿ ಹೇಳಿದರೂ ಆ ವಾಕ್ಯದ ತೊಂದರೆ ಒಂದೇ. ‘ಐ ಜಾಸ್ತಿ ಮಾಡಿದೆ’ ಎಂದರೆ ಕಂಟ್ರೋಲರ್ ಮೊದಲಿಗಿಂತ ಚುರುಕಾಗಿದೆ ಎಂದೂ ಆಗುತ್ತದೆ, ಮೊದಲಿಗಿಂತ ಮಂದವಾಗಿದೆ ಎಂದೂ ಆಗುತ್ತದೆ. ಯಾವುದು ಎಂಬುದು ಆ ಕಂಟ್ರೋಲರ್ ತಯಾರಿಸಿದವರು ಯಾವ ಯೂನಿಟ್ ಆರಿಸಿಕೊಂಡಿದ್ದರು ಎಂಬುದರ ಮೇಲೆ ನಿಂತಿದೆ. ಹೇಳಿದವನು ಅದನ್ನು ಹೇಳಲಿಲ್ಲ, ಕೇಳಿದವನು ಕೇಳಲಿಲ್ಲ.

ಇಂಟಿಗ್ರಲ್ ಸೆಟ್ಟಿಂಗ್ ಬಗ್ಗೆ ಇರುವ ಪುಸ್ತಕಗಳೆಲ್ಲ ಲೆಕ್ಕವನ್ನು ಚೆನ್ನಾಗಿಯೇ ಹೇಳಿಕೊಡುತ್ತವೆ. ಲೆಕ್ಕ ಬೇಕೇ ಬೇಕು. ಆದರೆ ಕಾರ್ಖಾನೆಯ ಒಳಗೆ ಈ ಸೆಟ್ಟಿಂಗ್ ಕೆಡುವ ದಾರಿಗಳಲ್ಲಿ ಮಾತಿನ ದಾರಿಯೂ ಒಂದು, ಅದು ಸಣ್ಣದೇನಲ್ಲ. ಯೂನಿಟ್ ಇಲ್ಲದೆ ಬರೆದ ಅಂಕಿ, ದಿಕ್ಕು ಇಲ್ಲದೆ ಹೇಳಿದ ‘ಜಾಸ್ತಿ–ಕಡಿಮೆ’, ಅರ್ಥ ಸತ್ತುಹೋದ ‘ರೀಸೆಟ್’ ಎಂಬ ಹೆಸರು, ಇವನ್ನೆಲ್ಲ ಇಟ್ಟುಕೊಂಡು ಎಷ್ಟು ಚೆನ್ನಾಗಿ ಲೆಕ್ಕ ಮಾಡಿದರೂ ಮುಂದಿನ ಪಾಳಿಯಲ್ಲಿ ಅದು ನಿಲ್ಲುವುದಿಲ್ಲ. ಇಂಥ ಯಂತ್ರಗಳ ಕೈಪಿಡಿಗಳು ಕನ್ನಡಕ್ಕೆ ಬರಬೇಕು ಎನ್ನುವವರು ಮೊದಲು ಸರಿಮಾಡಬೇಕಾದದ್ದು ಇದನ್ನೇ. ಪದಕ್ಕೊಂದು ಪದ ಹುಡುಕುವ ಕೆಲಸ ಆಮೇಲಿನದು.

ಮೊದಲು ಆ ಇಂಟಿಗ್ರಲ್ ಎಂಬುದು ಏನು ಮಾಡುತ್ತದೆ ಎಂದು ನೋಡಬೇಕು. ಅಡುಗೆಮನೆಯಿಂದಲೇ ಶುರುಮಾಡಬಹುದು. ಕುಕ್ಕರ್‌ನ ವೆಯ್ಟ್ ಒಳಗಿನ ಒತ್ತಡ ಸುಮಾರು 1 ಕೆಜಿ ದಾಟಿದಾಗ ಏಳುತ್ತದೆ, ಹಬೆ ಬಿಡುತ್ತದೆ, ಕೂರುತ್ತದೆ. ಅದಕ್ಕೆ ನೆನಪಿಲ್ಲ. ಇದು ಮೊದಲ ಕೂಗೋ ಐದನೆಯದೋ ಅದಕ್ಕೆ ಗೊತ್ತಿಲ್ಲ. ನೆನಪು ಇರುವುದು ‘ಮೂರು ಕೂಗಾಯ್ತು, ಉರಿ ಸಣ್ಣ ಮಾಡು’ ಎಂದು ಹೊರಗಿನ ಕೋಣೆಯಿಂದ ಕೂಗುವ ಅಮ್ಮನಿಗೆ. ಆಗಿದ್ದನ್ನು ಕೂಡಿಸಿಕೊಂಡು, ಆ ಮೊತ್ತ ನೋಡಿ ಉರಿ ತಿರುಗಿಸುವುದು ಅಮ್ಮನ ಕೆಲಸ. ಕಂಟ್ರೋಲರ್‌ನೊಳಗೆ ಇಂಟಿಗ್ರಲ್ ಮಾಡುವುದೂ ಇದೇ ಜಾತಿಯ ಕೆಲಸ.

ಇದು ಯಾಕೆ ಬೇಕಾಯಿತು ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಒಂದು ಹೆಡರ್, ಅದರ ಗೇಜು 0ಯಿಂದ 10 ಕೆಜಿ ತನಕ, ಸೆಟ್ ಪಾಯಿಂಟ್ 5 ಕೆಜಿ. (ಕಾರ್ಖಾನೆಯಲ್ಲಿ ಪ್ರೆಷರ್ ಯಾವಾಗಲೂ ‘ಕೆಜಿ’, ಚದರ ಸೆಂಟಿಮೀಟರಿಗೆ ಎಂಬ ಬಾಲವನ್ನು ಯಾರೂ ಹೇಳುವುದಿಲ್ಲ.) ಕಂಟ್ರೋಲರ್‌ನಲ್ಲಿ ಪ್ರೊಪೋರ್ಷನಲ್ ಮಾತ್ರ ಇದೆ, ಅಂದರೆ ಈ ಕ್ಷಣದ ಕೊರತೆಯನ್ನು ಮಾತ್ರ ನೋಡಿ ವಾಲ್ವ್ ತೆರೆಯುವ ಕ್ರಿಯೆ. ಗೇನ್ 5. ಪ್ರೆಷರ್ ಸರಿಯಾಗಿ 5 ಇದ್ದಾಗ ವಾಲ್ವ್ ಅರ್ಧ ತೆರೆದಿದೆ. ಈಗ ಇನ್ನೊಂದು ಡ್ರಯರ್ ಚಾಲೂ ಆಗಿ, ಹಬೆ ಸಾಕಾಗಬೇಕಾದರೆ ವಾಲ್ವ್ ಶೇಕಡಾ 75 ತೆರೆಯಬೇಕು ಎನ್ನೋಣ. ಹೆಚ್ಚಿನ ಆ 25 ಎಲ್ಲಿಂದ ಬರಬೇಕು? ಕೊರತೆಯಿಂದಲೇ ಬರಬೇಕು. ಗೇನ್ 5 ಆದ್ದರಿಂದ ಶೇಕಡಾ 5ರಷ್ಟು ಕೊರತೆ ಬೇಕು, ಅಂದರೆ ಅರ್ಧ ಕೆಜಿ. ಹಾಗಾಗಿ ಪ್ರೆಷರ್ 4.5ರಲ್ಲಿ ಹೋಗಿ ಕೂರುತ್ತದೆ, ಏಳುವುದಿಲ್ಲ. ಕೊರತೆ ಹೋದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ, ವಾಲ್ವ್ ತೆರೆದಿರಬೇಕಾದರೆ ಕೊರತೆ ಇರಬೇಕು. ಅರ್ಧ ಕೆಜಿ ಕಡಿಮೆಯಾದರೆ ಹಬೆಯ ಉಷ್ಣಾಂಶ ಸುಮಾರು 3 ಡಿಗ್ರಿ ಇಳಿಯುತ್ತದೆ. ಬಟ್ಟೆ ಒಣಗಿಸುವವನಿಗೆ ಅದು ಸಹಿಸಬಹುದಾದ ನಷ್ಟ. ರಿಯಾಕ್ಟರ್ ಕಾಯಿಸುವವನು ಸಹಿಸಲಾರ.

ಇಂಟಿಗ್ರಲ್ ಈ ಗಂಟನ್ನು ಬಿಡಿಸುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಗಿರಾಕಿ ಇವತ್ತು ಎಷ್ಟು ಬಾಕಿ ಉಳಿಸಿದ ಎಂಬುದಷ್ಟೇ ಪ್ರೊಪೋರ್ಷನಲ್‌ಗೆ ಕಾಣುತ್ತದೆ. ಇಂಟಿಗ್ರಲ್ ಪುಸ್ತಕ ಇಡುತ್ತದೆ. ಕೊರತೆ ಇದ್ದಷ್ಟು ಹೊತ್ತು ಮೊತ್ತ ಏರುತ್ತಲೇ ಇರುತ್ತದೆ, ಮೊತ್ತ ಏರಿದಂತೆ ವಾಲ್ವ್ ತೆರೆಯುತ್ತ ಹೋಗುತ್ತದೆ, ಪ್ರೆಷರ್ 5ಕ್ಕೆ ಬಂದಾಗ ಹೊಸ ಬಾಕಿ ಬರೆಯುವುದು ನಿಲ್ಲುತ್ತದೆ. ಹಳೆಯ ಮೊತ್ತ ಮಾತ್ರ ಪುಸ್ತಕದಲ್ಲಿ ಹಾಗೇ ಇರುತ್ತದೆ. ವಾಲ್ವನ್ನು 75ರಲ್ಲಿ ಹಿಡಿದು ನಿಲ್ಲಿಸುವುದು ಆ ಮೊತ್ತವೇ.

ಎಷ್ಟು ಬೇಗ ಬರೆಯಬೇಕು ಎಂಬುದೇ ಇಂಟಿಗ್ರಲ್ ಸೆಟ್ಟಿಂಗ್. ಹಳೆಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್‌ಗಳು ಇದನ್ನು ‘ರಿಪೀಟ್’ ಎಂಬ ಪದದಿಂದ ಅಳೆಯುತ್ತಿದ್ದರು, ಅದು ಒಳ್ಳೆಯ ಪದ. ಮೇಲಿನ ಉದಾಹರಣೆಯಲ್ಲೇ, ಕೊರತೆ ಶೇಕಡಾ 5ರಲ್ಲೇ ನಿಂತಿದೆ ಎಂದುಕೊಂಡರೆ ಪ್ರೊಪೋರ್ಷನಲ್ ಒಂದೇ ಏಟಿಗೆ 25 ಕೊಟ್ಟು ಸುಮ್ಮನಾಗುತ್ತದೆ. ಇಂಟಿಗ್ರಲ್ ಅದೇ 25ನ್ನು ಇನ್ನೊಮ್ಮೆ ಕೂಡಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅದು ಒಂದು ರಿಪೀಟ್‌ನ ಸಮಯ. ಒಂದು ನಿಮಿಷ ಹಿಡಿದರೆ ಸಲಕ್ಕೆ ಒಂದು ನಿಮಿಷ. ಅರ್ಧ ನಿಮಿಷ ಹಿಡಿದರೆ ಸಲಕ್ಕೆ ಅರ್ಧ ನಿಮಿಷ, ಅಥವಾ ನಿಮಿಷಕ್ಕೆ ಎರಡು ಸಲ.

ಎಡವುವುದು ಆ ‘ಅಥವಾ’ದಲ್ಲಿ. ‘ಹದಿನೈದು ನಿಮಿಷಕ್ಕೊಂದು ಬಸ್ಸು’ ಎಂದರೂ ‘ಗಂಟೆಗೆ ನಾಲ್ಕು ಬಸ್ಸು’ ಎಂದರೂ ಸ್ಟಾಪಿನಲ್ಲಿ ನಿಂತವರಿಗೆ ಒಂದೇ. ಆದರೆ ಬಸ್ಸು ಬೇಗ ಬೇಗ ಬರಬೇಕಾದರೆ ಮೊದಲನೆಯ ಅಂಕಿ ಇಳಿಯಬೇಕು, ಎರಡನೆಯದು ಏರಬೇಕು. ಕೆಲವು ಕಂಟ್ರೋಲರ್‌ಗಳು ಸಲಕ್ಕೆ ಎಷ್ಟು ನಿಮಿಷ ಎಂದು ಕೇಳುತ್ತವೆ, ಕೆಲವು ಸಲಕ್ಕೆ ಎಷ್ಟು ಸೆಕೆಂಡ್ ಎಂದು, ಕೆಲವು ನಿಮಿಷಕ್ಕೆ ಎಷ್ಟು ಸಲ ಎಂದು. ಪರದೆಯ ಮೇಲೆ ಮೂರರಲ್ಲೂ ‘ಐ’ ಎಂದೋ ‘ರೀಸೆಟ್’ ಎಂದೋ ಒಂದು ಚೌಕ, ಒಳಗೊಂದು ಅಂಕಿ. ಆ ಅಂಕಿ 5 ಎಂದುಕೊಳ್ಳಿ. ಸಲಕ್ಕೆ 5 ನಿಮಿಷವಾದರೆ ಒಂದು ರಿಪೀಟ್‌ಗೆ 300 ಸೆಕೆಂಡ್. ನಿಮಿಷಕ್ಕೆ 5 ಸಲವಾದರೆ 12 ಸೆಕೆಂಡ್. ಸಲಕ್ಕೆ 5 ಸೆಕೆಂಡ್ ಎಂದಾದರೆ ಐದೇ ಸೆಕೆಂಡ್. ಮೊದಲನೆಯದಕ್ಕೂ ಎರಡನೆಯದಕ್ಕೂ 25 ಪಟ್ಟು ವ್ಯತ್ಯಾಸ, ಮೊದಲನೆಯದಕ್ಕೂ ಮೂರನೆಯದಕ್ಕೂ 60 ಪಟ್ಟು. ಅಂಕಿ 10 ಆದರೆ ಆ 25 ಹೋಗಿ 100 ಆಗುತ್ತದೆ. ಅಂಕಿ 1 ಆಗಿದ್ದಾಗ ಮಾತ್ರ ನಿಮಿಷದ ಎರಡೂ ರೂಪಗಳು ಒಂದೇ, ಹಾಗಾಗಿ 1ರಲ್ಲಿ ಓಡುತ್ತಿರುವ ಲೂಪಿನಲ್ಲಿ ಈ ಗೊಂದಲ ವರ್ಷಗಟ್ಟಲೆ ಅಡಗಿ ಕೂರಬಹುದು. ಇನ್ನು 0. ನಿಮಿಷಕ್ಕೆ 0 ಸಲ ಎಂದರೆ ಇಂಟಿಗ್ರಲ್ ಬಂದ್. ಸಲಕ್ಕೆ 0 ನಿಮಿಷ ಎಂದರೆ ಲೆಕ್ಕದ ಪ್ರಕಾರ ಅನಂತ ವೇಗ. ಬಹಳ ಕಂಪನಿಗಳು ಅಲ್ಲೂ 0 ಹಾಕಿದರೆ ಬಂದ್ ಎಂದೇ ತಿಳಿದುಕೊಳ್ಳುವ ಹಾಗೆ ಮಾಡಿವೆ, ಅದು ಅವರ ಉಪಕಾರ. ಹಾಗಾಗಿ ಅಂಥ ಚೌಕದಲ್ಲಿ 0.1 ಎಂದರೆ ಭಯಂಕರ ಚುರುಕು, 0 ಎಂದರೆ ನಿದ್ದೆ.

ಇದೆಲ್ಲ ಪುಸ್ತಕದ ಹೆದರಿಕೆ ಎನ್ನಿಸಿದರೆ, ಹಳೆಯ ಪ್ಯಾನೆಲ್ ಕಿತ್ತು ಹೊಸ ಡಿಸಿಎಸ್ ಹಾಕುವ ವಾರವನ್ನು ಕಣ್ಣಮುಂದೆ ತಂದುಕೊಳ್ಳಿ. ಹನಿವೆಲ್‌ನ ವ್ಯವಸ್ಥೆಗಳಲ್ಲಿ ಇಂಟಿಗ್ರಲ್ ಸಮಯ ನಿಮಿಷದಲ್ಲಿದೆ, ಜೊತೆಗೆ ಗೇನ್ ಇದೆ. ಯೊಕೊಗಾವಾದ ಸೆಂಟಮ್‌ನಲ್ಲಿ ಇಂಟಿಗ್ರಲ್ ಸಮಯ ಸೆಕೆಂಡಿನಲ್ಲಿದೆ, ಗೇನ್ ಬದಲು ಶೇಕಡಾದಲ್ಲಿ ಹೇಳುವ ಪ್ರೊಪೋರ್ಷನಲ್ ಬ್ಯಾಂಡ್ ಇದೆ. ಎರಡೂ ಕೈಪಿಡಿಗಳಲ್ಲಿ ಇದು ಸ್ಪಷ್ಟವಾಗಿ ಬರೆದಿದೆ, ದೋಷ ಯಾರದೂ ಅಲ್ಲ. ಅಂದಹಾಗೆ ಮೊದಲನೆಯವರ ಭಾರತದ ಯಾಂತ್ರೀಕರಣ ಕಂಪನಿ ಇರುವುದು ಪುಣೆಯ ಹಡಪ್ಸರದಲ್ಲಿ, ಎರಡನೆಯವರದು ಬೆಂಗಳೂರಿನಲ್ಲಿ. ಎರಡೂ ಕಡೆಯ ಸರ್ವಿಸ್ ಇಂಜಿನಿಯರರ ಫೋನಿನಲ್ಲಿ ಕನ್ನಡ ಕೇಳಿಸುವುದು ಆಶ್ಚರ್ಯವೇನಲ್ಲ. ಹಳೆಯ ಸೆಟ್ಟಿಂಗ್‌ಗಳ ಪಟ್ಟಿ ಒಂದು ಎಕ್ಸೆಲ್ ಹಾಳೆಯಲ್ಲಿ ಬರುತ್ತದೆ. ಮೇಲೆ ‘ಪಿ’, ‘ಐ’, ‘ಡಿ’ ಎಂದು ಮೂರು ಕಾಲಂ, ಕೆಳಗೆ ನೂರಾರು ಸಾಲು. ನಿಮಿಷದ 0.5 ಸೆಕೆಂಡಿನ ಚೌಕಕ್ಕೆ ಹಾಗೇ ಇಳಿದರೆ, 30 ಎಂದು ಬರಬೇಕಾದ ಜಾಗದಲ್ಲಿ ಅರ್ಧ ಸೆಕೆಂಡ್ ಬಂದು ಕೂರುತ್ತದೆ. ‘ಪಿ’ಯ ಕಥೆಯೂ ಇದೇ. ಬ್ಯಾಂಡ್ ಶೇಕಡಾ 20 ಎಂದರೆ ಗೇನ್ 5. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಆ ಹಾಳೆಯಲ್ಲಿ ಒಂದು ಸಾಲು ಯೂನಿಟ್ ಬರೆಯುವುದಕ್ಕೆ ಖರ್ಚಾಗುವುದು ಒಂದು ನಿಮಿಷ.

ಈ ಗೊಂದಲ ಎಲ್ಲಿಂದ ಬಂತು? ಅದರ ಬೇರು ‘ರೀಸೆಟ್’ ಎಂಬ ಪದದ ಚರಿತ್ರೆಯಲ್ಲಿದೆ. ಬರೀ ಪ್ರೊಪೋರ್ಷನಲ್ ಇದ್ದ ಕಾಲದ ಕಂಟ್ರೋಲರ್‌ಗಳಲ್ಲಿ ಪ್ರೆಷರ್ 4.5ರಲ್ಲಿ ಕೂತಾಗ ಆಪರೇಟರ್ ಬಂದು ಒಂದು ಗುಬುಟು ತಿರುಗಿಸಿ ಅದನ್ನು 5ಕ್ಕೆ ಎಳೆಯುತ್ತಿದ್ದ. ಆ ಕೈಕೆಲಸದ ಹೆಸರು ರೀಸೆಟ್. ಲೋಡು ಬದಲಾದಾಗಲೆಲ್ಲ ಮತ್ತೆ ಬರಬೇಕು, ಮತ್ತೆ ತಿರುಗಿಸಬೇಕು. 1930ರ ದಶಕದ ಆರಂಭದಲ್ಲಿ ಅಮೆರಿಕದ ಫಾಕ್ಸ್‌ಬೊರೊ ಕಂಪನಿಯ ಸ್ಟಾಬಿಲಾಗ್ ಎಂಬ ಗಾಳಿಯೊತ್ತಡದ ಕಂಟ್ರೋಲರ್ ಈ ಕೈಕೆಲಸವನ್ನು ತಾನೇ ಮಾಡತೊಡಗಿತು. ಮನುಷ್ಯ ತಿರುಗಿಸುತ್ತಿದ್ದದ್ದನ್ನು ಯಂತ್ರ ತಿರುಗಿಸಿದ್ದರಿಂದ ‘ತಾನಾಗಿ ಆಗುವ ರೀಸೆಟ್’ ಎಂಬ ಹೆಸರು ಬಂತು, ಆಮೇಲೆ ‘ತಾನಾಗಿ’ ಉದುರಿ ಬರೀ ರೀಸೆಟ್ ಉಳಿಯಿತು. 1942ರಲ್ಲಿ ಟೇಲರ್ ಇನ್‌ಸ್ಟ್ರುಮೆಂಟ್ಸ್‌ನ ಜಾನ್ ಜೀಗ್ಲರ್ ಮತ್ತು ನಥಾನಿಯಲ್ ನಿಕಲ್ಸ್ ಟ್ಯೂನಿಂಗ್ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಕಾಲೇಜಿನಲ್ಲಿ ಪಾಠ. ಅದು ಮಾತಾಡಿದ್ದು ರೀಸೆಟ್‌ನ ದರದ ಭಾಷೆಯಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಸಲ ಎಂದು. ಇವತ್ತಿನ ಪಠ್ಯಪುಸ್ತಕ ಅದೇ ಸೂತ್ರವನ್ನು ತಲೆಕೆಳಗು ಮಾಡಿ ಇಂಟಿಗ್ರಲ್ ಸಮಯವಾಗಿ ಬರೆಯುತ್ತದೆ. ತೂಗಾಟದ ಒಂದು ಸುತ್ತಿಗೆ 60 ಸೆಕೆಂಡ್ ಹಿಡಿದರೆ ಇಂಟಿಗ್ರಲ್ ಸಮಯ 60ನ್ನು 1.2ರಿಂದ ಭಾಗಿಸಿ 50 ಸೆಕೆಂಡ್. (ಆ ಸೂತ್ರ ಕೊಡುವ ಫಲ ಹಲವು ಲೂಪುಗಳಿಗೆ ಅತಿ ಚುರುಕು ಎಂಬುದು ಬೇರೆ ಮಾತು, ಪ್ರತಿ ತೂಗಾಟ ಹಿಂದಿನದರ ಕಾಲುಭಾಗಕ್ಕೆ ಇಳಿದರೆ ಸಾಕು ಎಂಬುದು ಅವರಿಟ್ಟುಕೊಂಡ ಗುರಿ.)

ಇನ್ನೂ ಹಿಂದೆ ಹೋದರೆ ಒಂದು ಒಳ್ಳೆಯ ಹೆಸರು ಕಳೆದುಹೋದದ್ದೂ ಕಾಣುತ್ತದೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆ ಬರೆದಾಗ, ಸ್ಟೀಮ್ ಇಂಜಿನ್ನಿನ ವೇಗ ಹಿಡಿದಿಡುವ ಸಾಧನಗಳನ್ನು ಎರಡಾಗಿ ಬೇರ್ಪಡಿಸಿದ. ವೇಗ ಏರಿದಷ್ಟಕ್ಕೆ ಮಾತ್ರ ಎದುರು ಒತ್ತುವಂಥವನ್ನು ಮಾಡರೇಟರ್ ಎಂದ. ವೇಗ ಸರಿಯಾಗುವ ತನಕ ಒತ್ತುತ್ತಲೇ ಹೋಗುವಂಥವಕ್ಕೆ ಮಾತ್ರ ಗವರ್ನರ್ ಎಂಬ ಹೆಸರು ಉಳಿಸಿದ. ನೆನಪಿಲ್ಲದ್ದಕ್ಕೆ ಒಂದು ಹೆಸರು, ನೆನಪಿರುವುದಕ್ಕೆ ಇನ್ನೊಂದು. ಆ ಭೇದ ಬಳಕೆಯಲ್ಲಿ ನಿಲ್ಲಲಿಲ್ಲ. ಈಗ ಎಲ್ಲವೂ ಕಂಟ್ರೋಲರ್.

ಈ ಚರಿತ್ರೆ ಗೊತ್ತಿಲ್ಲದ ಅನುವಾದ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ‘ರೀಸೆಟ್ ಸಮಯ’ ಎಂಬುದನ್ನು ‘ಮರುಹೊಂದಿಕೆಯ ಸಮಯ’ ಎಂದು ಮಾಡಿದರೆ, ಫೋನು ರೀಸೆಟ್ ಮಾಡಿ ಗೊತ್ತಿರುವ ಇಪ್ಪತ್ತು ವರ್ಷದ ಹುಡುಗ ಅದನ್ನು ಹೇಗೆ ಓದುತ್ತಾನೆ? ಇಷ್ಟು ಹೊತ್ತಾದ ಮೇಲೆ ಕಂಟ್ರೋಲರ್ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುತ್ತದೆ ಎಂದು ಓದುತ್ತಾನೆ. ನಡೆಯುವುದು ಅದರ ತದ್ವಿರುದ್ಧ, ಏನನ್ನೂ ಅಳಿಸದೆ ಕೂಡಿಸುತ್ತ ಹೋಗುವುದು. ಇನ್ನೊಂದು ಕಡೆ ಗಣಿತದ ‘ಅನುಕಲನ’ ಇದೆ. ಪಿಯುಸಿಯಲ್ಲಿ ಕನ್ನಡದಲ್ಲೇ ಗಣಿತ ಓದಿದವರಿಗೆ ಅದು ಪರಿಚಿತ, ತಪ್ಪೂ ಅಲ್ಲ. ಆದರೆ ಐಟಿಐ ಮುಗಿಸಿ ಕೆಮಿಕಲ್ ಪ್ಲಾಂಟಿನ ಅಟೆಂಡೆಂಟ್ ಆಪರೇಟರ್ ಆದವನ ಕೈಗೆ ‘ಅನುಕಲನ ಕಾಲ’ ಎಂದು ಬರೆದುಕೊಟ್ಟರೆ ಅವನು ಅದನ್ನು ದಾಟಿ ಪಕ್ಕದ ಅಂಕಿಯನ್ನು ನೋಡುತ್ತಾನೆ. ನೋಡಬೇಕಾದ್ದು ಅಂಕಿಯ ಪಕ್ಕದ ಯೂನಿಟ್ ಅಲ್ಲವೇ, ಅದನ್ನು ಕೈಪಿಡಿಯ ಇನ್ನೆಲ್ಲೋ ಒಂದು ಪುಟದ ಅಡಿಟಿಪ್ಪಣಿಯಲ್ಲಿ ಇಟ್ಟಿರುತ್ತಾರೆ.

ವಿಚಿತ್ರವೆಂದರೆ ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ‘ಸಲಕ್ಕೆ ಎರಡು ನಿಮಿಷ’, ‘ನಿಮಿಷಕ್ಕೆ ಎರಡು ಸಲ’ ಎಂಬ ಎರಡು ಮಾತುಗಳನ್ನು ಮಗುವೂ ಗೊಂದಲ ಮಾಡಿಕೊಳ್ಳುವುದಿಲ್ಲ. ಚತುರ್ಥಿಯ ‘ಕ್ಕೆ’ ಯಾವುದಕ್ಕೆ ಹತ್ತಿದೆ ಎಂಬುದರಲ್ಲಿ ಅರ್ಥ ಪೂರ್ತಿ ಇದೆ, ನಡುವೆ ಗೆರೆ ಎಳೆದು ಮೇಲೊಂದು ಕೆಳಗೊಂದು ಬರೆಯುವ ಸಂಕ್ಷೇಪ ಬೇಕಿಲ್ಲ. ‘ಬಾಕಿ’ ಎಂಬ ಪದ ಎಲ್ಲರಿಗೂ ಗೊತ್ತು. ‘ಚುರುಕು ಮಾಡು’, ‘ನಿಧಾನ ಮಾಡು’ ಎಂದರೆ ಯಾವ ಯೂನಿಟ್ ಇದ್ದರೂ ದಿಕ್ಕು ಬದಲಾಗುವುದಿಲ್ಲ. ‘ಇಂಟಿಗ್ರಲ್’ ಎಂಬ ಹೆಸರನ್ನೂ ‘ಗೇನ್’ ಎಂಬುದನ್ನೂ ಹಾಗೇ ಇಟ್ಟುಕೊಳ್ಳಲಿ, ಪರದೆಯ ಮೇಲೆ ಇರುವುದು ಅದೇ ತಾನೆ. ಕ್ರಿಯೆಯನ್ನು ಮತ್ತು ಅಳತೆಯನ್ನು ಕನ್ನಡದಲ್ಲಿ ಹೇಳಲಿ. ಐಟಿಐ ಪಾಠದಲ್ಲಿ ಮೊದಲು ಬಾಕಿಯ ಪುಸ್ತಕ ಬರಲಿ, ಗಣಿತದ ಚಿಹ್ನೆ ಆಮೇಲೆ ಬರಲಿ.

ಇದಕ್ಕೆ ಇಂಜಿನಿಯರರ ಕಡೆಯಿಂದ ಒಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆಪರೇಟರ್ ಟ್ಯೂನಿಂಗ್ ಮುಟ್ಟಲೇಬಾರದು, ಅದಕ್ಕೇ ಪಾಸ್‌ವರ್ಡ್ ಇರುವುದು, ಅವನ ಭಾಷೆಗೆ ಇದನ್ನೆಲ್ಲ ತಂದರೆ ಕೈ ಹಾಕುವವರು ಹೆಚ್ಚುತ್ತಾರೆ ಎಂಬುದು ಆ ವಾದ. ಪಾಸ್‌ವರ್ಡ್ ಇರಬೇಕು, ನಿಜ. ಆದರೆ ಅಡ್ಡಾದಿಡ್ಡಿ ಟ್ಯೂನ್ ಮಾಡಿದ ಲೂಪನ್ನು ರಾತ್ರಿ ಎರಡು ಗಂಟೆಗೆ ಎದುರಿಸುವವನು ಆಪರೇಟರ್. ಸೆಟ್ಟಿಂಗ್ ಮುಟ್ಟಲು ಬಿಡದಿದ್ದರೆ ಅವನಿಗೆ ಉಳಿಯುವ ದಾರಿ ಆಟೋದಿಂದ ಮ್ಯಾನ್ಯುಯಲ್‌ಗೆ ಹಾಕಿ ಕೈಯಲ್ಲೇ ವಾಲ್ವ್ ಆಡಿಸುತ್ತ ಕೂರುವುದು. ಅದಕ್ಕೆ ಯಾವ ಪಾಸ್‌ವರ್ಡೂ ಬೇಕಿಲ್ಲ. ಮೊದಲಿಗೆ ರೋಗವನ್ನು ನೋಡುವವನು ಅವನೇ ಆದ್ದರಿಂದ, ಅದನ್ನು ಸರಿಯಾಗಿ ಹೇಳಲು ಅವನ ಹತ್ತಿರ ಮಾತು ಇರಬೇಕು.

ಪ್ರೆಷರ್ ಲೂಪಿನಲ್ಲಿ ಸರಿಯಾಗಿ ಹೇಳುವುದು ಇನ್ನೂ ಮುಖ್ಯ, ಯಾಕೆಂದರೆ ಇಲ್ಲಿ ಸಹಜವಾಗಿ ತೋಚುವ ಮದ್ದು ಕೆಲವೊಮ್ಮೆ ರೋಗವನ್ನೇ ಹೆಚ್ಚಿಸುತ್ತದೆ. ಪ್ರೆಷರ್ ಎಂಬುದು ಒಂದೇ ಜಾತಿಯದಲ್ಲ. ಪೈಪಿನಲ್ಲಿ ತುಂಬಿ ಹರಿಯುವ ನೀರಿನ ಪ್ರೆಷರ್ ವಾಲ್ವ್ ಮುಟ್ಟಿದ ಕೂಡಲೇ ಬದಲಾಗುತ್ತದೆ. ಅಲ್ಲಿ ಗೇನ್ ಸಣ್ಣದಿಟ್ಟು, ಇಂಟಿಗ್ರಲ್ ಸಮಯ ಕೆಲವೇ ಸೆಕೆಂಡ್ ಇಟ್ಟು, ಕೆಲಸವನ್ನೆಲ್ಲ ಇಂಟಿಗ್ರಲ್‌ಗೇ ಬಿಡುವುದು ವಾಡಿಕೆ. ದೊಡ್ಡ ಡ್ರಮ್ಮಿನಲ್ಲಿ ತುಂಬಿದ ಗ್ಯಾಸ್, ಅಥವಾ ಡ್ರಯರ್ ಜಾಕೆಟ್‌ಗಳೆಲ್ಲ ಸೇರಿ ದೊಡ್ಡ ಹೊಟ್ಟೆಯಾದ ಹೆಡರ್ ಹಾಗಲ್ಲ. ಬರುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ ಆ ಹೊಟ್ಟೆಯಲ್ಲಿ ತಾನಾಗಿಯೇ ಕೂಡುತ್ತ ಹೋಗುತ್ತದೆ. ಅಂದರೆ ಅಲ್ಲಿ ಒಂದು ಉದ್ರಿ ಪುಸ್ತಕ ಆಗಲೇ ಇದೆ. ಕಂಟ್ರೋಲರ್‌ನದು ಎರಡನೆಯದು. ಇಬ್ಬರು ಒಂದೇ ಬಾಕಿಯನ್ನು ಬರೆದುಕೊಂಡು ವಸೂಲಿಗೆ ಹೊರಟರೆ ಆಗುವುದೇ ಇಲ್ಲೂ ಆಗುತ್ತದೆ. ಪ್ರೆಷರ್ ಸೆಟ್ ಪಾಯಿಂಟ್ ದಾಟಿ ಮೇಲೆ ಹೋಗುತ್ತದೆ, ಹಿಂದಿರುಗುವಾಗ ಅಷ್ಟೇ ಕೆಳಗಿಳಿಯುತ್ತದೆ, ಮೂರು–ನಾಲ್ಕು ನಿಮಿಷಕ್ಕೊಂದು ಸುತ್ತಿನಂತೆ ನಿಧಾನವಾಗಿ ತೂಗಾಡುತ್ತದೆ.

ತೂಗಾಟ ಕಂಡರೆ ಎಲ್ಲರೂ ಮೊದಲು ಮಾಡುವುದು ಗೇನ್ ಇಳಿಸುವುದು. ‘ಹಂಟಿಂಗ್ ಆಗ್ತಿದೆ, ಗೇನ್ ಕಡಿಮೆ ಮಾಡು.’ ಇಂಥ ದೊಡ್ಡ ಹೊಟ್ಟೆಯ ಲೂಪಿನಲ್ಲಿ ತೂಗಾಟ ಬೇಗ ಸಾಯುವುದು ಗೇನ್ ಮತ್ತು ಇಂಟಿಗ್ರಲ್ ಸಮಯ ಇವೆರಡರ ಗುಣಲಬ್ಧ ದೊಡ್ಡದಿದ್ದಾಗ. ಗೇನ್ ಅರ್ಧ ಮಾಡಿದರೆ ಗುಣಲಬ್ಧ ಅರ್ಧವಾಗುತ್ತದೆ. ತೂಗಾಟದ ಸುತ್ತು ಸುಮಾರು ಒಂದೂವರೆ ಪಟ್ಟು ಉದ್ದವಾಗುತ್ತದೆ, ಸಾಯುವುದು ಇನ್ನಷ್ಟು ತಡವಾಗುತ್ತದೆ. ಸುತ್ತು ಉದ್ದವಾದದ್ದನ್ನು ನೋಡಿ ‘ಸ್ವಲ್ಪ ತಣ್ಣಗಾಯ್ತು’ ಎಂದುಕೊಂಡು ಗೇನನ್ನು ಇನ್ನೂ ಇಳಿಸುತ್ತಾರೆ. ಮಾಡಬೇಕಾದ್ದು ಗೇನನ್ನು ಹಾಗೇ ಬಿಟ್ಟು ಇಂಟಿಗ್ರಲನ್ನು ನಿಧಾನ ಮಾಡುವುದು. ಹೊಟ್ಟೆ ದೊಡ್ಡದಿರುವ ಲೂಪಿನಲ್ಲಿ ಗುರುತು ಹಿಡಿಯುವ ಸುಲಭ ದಾರಿ ಟ್ರೆಂಡಿನ ಮೇಲೆ ಗಡಿಯಾರ ಇಡುವುದು. ತೂಗಾಟದ ಒಂದು ಸುತ್ತಿನ ಸಮಯ ಇಂಟಿಗ್ರಲ್ ಸಮಯದ ಹತ್ತು ಹನ್ನೆರಡು ಪಟ್ಟು ಇದ್ದರೆ ಅನುಮಾನ ಇಂಟಿಗ್ರಲ್ ಮೇಲೆ ಹೋಗಬೇಕು. ಸುತ್ತು ಚಿಕ್ಕದಾಗಿ ಇಂಟಿಗ್ರಲ್ ಸಮಯದ ಆಸುಪಾಸಿನಲ್ಲೇ ಇದ್ದರೆ ಗೇನ್ ಕಡೆ ನೋಡಬಹುದು. ಈ ಹೋಲಿಕೆ ಮಾಡಬೇಕಾದರೆ ಚೌಕದಲ್ಲಿರುವ ಅಂಕಿ ಸೆಕೆಂಡೋ ನಿಮಿಷವೋ ಸಲವೋ ಎಂಬುದು ಮೊದಲು ಗೊತ್ತಿರಬೇಕು ಎಂಬುದನ್ನು ಇನ್ನೊಮ್ಮೆ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ಪ್ಲಾಂಟ್ ಶುರುಮಾಡುವ ದಿನದ್ದು. ಹೆಡರ್ ತಣ್ಣಗಿದೆ, ಸೆಟ್ ಪಾಯಿಂಟ್ 5, ಕಂಟ್ರೋಲರ್ ಆಟೋದಲ್ಲಿದೆ. ಬಾಯ್ಲರ್ ಕಾಯುವ ತನಕ ಅರ್ಧ ಗಂಟೆ ಪ್ರೆಷರ್ ಏಳುವುದಿಲ್ಲ. ವಾಲ್ವ್ ಪೂರ್ತಿ ತೆರೆದು ನಿಂತಿದೆ, ಇನ್ನು ತೆರೆಯಲು ಜಾಗವಿಲ್ಲ, ಆದರೂ ಪುಸ್ತಕದಲ್ಲಿ ಬಾಕಿ ಏರುತ್ತಲೇ ಇದೆ. ಕೊನೆಗೆ ಪ್ರೆಷರ್ 5 ದಾಟಿದಾಗ ವಾಲ್ವ್ ಮುಚ್ಚಬೇಕು. ಮುಚ್ಚುವುದಿಲ್ಲ, ಅರ್ಧ ಗಂಟೆಯ ಬಾಕಿ ತೀರಬೇಕು. ಅಷ್ಟರಲ್ಲಿ ಸೇಫ್ಟಿ ವಾಲ್ವ್ ಎದ್ದು ಊರಿಗೆಲ್ಲ ಕೇಳಿಸುತ್ತದೆ. ಇದಕ್ಕೆ ವೈಂಡಪ್ ಎಂದು ಹೆಸರು. ಇವತ್ತಿನ ಕಂಟ್ರೋಲರ್‌ಗಳು ಔಟ್‌ಪುಟ್ ಕೊನೆ ಮುಟ್ಟಿದಾಗ ಬರೆಯುವುದನ್ನು ನಿಲ್ಲಿಸುತ್ತವೆ. ಆದರೆ ಒಂದೇ ವಾಲ್ವಿಗೆ ಎರಡು ಕಂಟ್ರೋಲರ್ ಇಟ್ಟು ಯಾವುದು ಕಡಿಮೆಯೋ ಅದಕ್ಕೆ ಅಧಿಕಾರ ಕೊಡುವಂಥ ಜೋಡಣೆಗಳಲ್ಲಿ, ಅಧಿಕಾರ ಇಲ್ಲದವನು ಸುಮ್ಮನೆ ಬಾಕಿ ಬರೆಯುತ್ತ ಕೂರದ ಹಾಗೆ ಬೇರೆಯೇ ವ್ಯವಸ್ಥೆ ಮಾಡಬೇಕು. ಅದನ್ನು ಮರೆತಿದ್ದರೆ ಸೇಫ್ಟಿ ವಾಲ್ವ್ ಎದ್ದ ದಿನ ಬೈಸಿಕೊಳ್ಳುವವನು ಆಟೋಕ್ಕೆ ಹಾಕಿದ ಆಪರೇಟರ್.

ಇಂಟಿಗ್ರಲ್ ಮೇಲೆ ಸುಳ್ಳು ಆರೋಪ ಬರುವುದೂ ಉಂಟು. ವಾಲ್ವಿನ ಪ್ಯಾಕಿಂಗ್ ಬಿಗಿಯಾಗಿ ಸ್ಟೆಮ್ ಅಂಟಿಕೊಳ್ಳುತ್ತಿದ್ದರೆ, ಇಂಟಿಗ್ರಲ್ ಒತ್ತುತ್ತ ಒತ್ತುತ್ತ ಹೋಗಿ ಒಂದು ಹಂತದಲ್ಲಿ ವಾಲ್ವ್ ಜಿಗಿಯುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ಜಿಗಿಯುತ್ತದೆ. ಆಮೇಲೆ ಇಂಟಿಗ್ರಲ್ ಹಿಂದಕ್ಕೆ ಒತ್ತತೊಡಗುತ್ತದೆ. ಟ್ರೆಂಡಿನಲ್ಲಿ ಕಂಟ್ರೋಲರ್‌ನ ಔಟ್‌ಪುಟ್ ಸಾಮಾನ್ಯವಾಗಿ ಗರಗಸದ ಹಲ್ಲಿನಂತೆ ಕಾಣುತ್ತದೆ. ಅಂಕಿ ಬದಲಿಸಿದರೆ ಹಲ್ಲು ಉದ್ದವಾಗಬಹುದು, ಚಿಕ್ಕದಾಗಬಹುದು, ಹೋಗುವುದಿಲ್ಲ. ಮ್ಯಾನ್ಯುಯಲ್‌ಗೆ ಹಾಕಿದರೆ ನಿಲ್ಲುತ್ತದೆ, ಅದನ್ನು ನೋಡಿ ಟ್ಯೂನಿಂಗೇ ತಪ್ಪು ಎಂದು ತೀರ್ಮಾನಿಸುವುದು ಸುಲಭ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಇದ್ದಾಗಲೇ ಔಟ್‌ಪುಟ್ಟನ್ನು ಅರ್ಧ ಅರ್ಧ ಶೇಕಡಾ ಸರಿಸಿ ಪ್ರೆಷರ್ ಅಲುಗುತ್ತದೋ ಇಲ್ಲವೋ ನೋಡಬೇಕು. ಎರಡು ಮೂರು ಸಲ ಸರಿಸಿದರೂ ಅಲುಗದೆ ಆಮೇಲೆ ಒಮ್ಮೆಲೇ ಜಿಗಿದರೆ ಕರೆಯಬೇಕಾದ್ದು ಫಿಟ್ಟರನ್ನು. ಮ್ಯಾನ್ಯುಯಲ್‌ನಲ್ಲೂ ತೂಗಾಟ ನಿಲ್ಲದಿದ್ದರೆ ಅದು ಬೇರೆಲ್ಲಿಂದಲೋ ಬರುತ್ತಿದೆ, ಪಕ್ಕದ ಲೂಪನ್ನು ನೋಡಬೇಕು.

ಬಸ್ಸಿಗೆ ಓಡಿದವನ ಹೆಡರ್‌ಗೆ ಮರಳಿದರೆ, ಅವನು ಬಾಯಲ್ಲಿ ಹೇಳಿದ್ದನ್ನು ಲಾಗ್ ಬುಕ್ಕಿನಲ್ಲಿ ಹೀಗೆ ಬರೆಯಬಹುದಿತ್ತು: ‘ಪಿಐಸಿ 204. ರಾತ್ರಿ 1ರಿಂದ 4 ನಿಮಿಷಕ್ಕೊಂದು ಸುತ್ತು ತೂಗಾಟ, 4.6ರಿಂದ 5.4 ಕೆಜಿ. ಮ್ಯಾನ್ಯುಯಲ್‌ನಲ್ಲಿ ನಿಂತಿತು. ಅರ್ಧ ಶೇಕಡಾ ಸರಿಸಿದಾಗಲೂ ವಾಲ್ವ್ ಅಲುಗಿತು, ಅಂಟಿಲ್ಲ. ಶಿಫ್ಟ್ ಇಂಜಿನಿಯರಿಗೆ ಫೋನ್ ಮಾಡಿ ಕೇಳಿ ಇಂಟಿಗ್ರಲ್ ನಿಧಾನ ಮಾಡಿದೆ: ಸಲಕ್ಕೆ 20 ಸೆಕೆಂಡ್ ಇತ್ತು, ಸಲಕ್ಕೆ 120 ಸೆಕೆಂಡ್ ಮಾಡಿದೆ. ಗೇನ್ ಮುಟ್ಟಿಲ್ಲ. 3:40ಕ್ಕೆ ಆಟೋ. ಎರಡನೇ ಡ್ರಯರ್ ಇನ್ನೂ ಚಾಲೂ ಆಗಿಲ್ಲ, ಆದಾಗ ಒಮ್ಮೆ ನೋಡಿ.’ ಬೆಳಗಿನವನು ಟ್ರೆಂಡ್ ತೆರೆದು 1 ಗಂಟೆಗೆ ಹಿಂದೆ ಸರಿಸುತ್ತಾನೆ, ಎರಡನೇ ಡ್ರಯರ್‌ನವರಿಗೆ ಫೋನ್ ಮಾಡಿ ಎಷ್ಟೊತ್ತಿಗೆ ಶುರುಮಾಡುತ್ತೀರಿ ಎಂದು ಕೇಳುತ್ತಾನೆ.